ತೆರಣಿಯ ಹುಳು: ಅಕ್ಕನ ಒಂದು ವಚನದ ಅರ್ಥವಿಚಾರ

ಬೆಳಗಿನ ಹೊತ್ತು ರೇಡಿಯೋ ಹಾಕಿರುತ್ತೀರಿ. ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ, ಮಕ್ಕಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ವಚನಗಾಯನ ಆರಂಭವಾಗುತ್ತದೆ. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಕೇಳಿಬಂದಾಗ ಇದು ಅಕ್ಕಮಹಾದೇವಿಯ ವಚನವೆಂದು ಮನೆಯ ಹಿರಿಯರು ತಲೆದೂಗುತ್ತಾರೆ. ರಾಗ ಇಂಪಾಗಿದ್ದರೆ ಮನೆಯಾಕೆ ಅದನ್ನೇ ಗುನುಗುತ್ತ ಪಾತ್ರೆ ತೊಳೆಯುವುದೂ ಉಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಗುನುಗುವ ವಚನಗಳ ನಡುವೆ, ಅರ್ಥ ಹೊಳೆದರೆ ಕೈಯ ಪಾತ್ರೆ ಕೈಯಲ್ಲೇ ನಿಲ್ಲುವಂಥ ವಚನವೂ ಒಂದಿದೆ. ಅದು ತೆರಣಿಯ ಹುಳುವಿನ ವಚನ. ಅದನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದು ಈ ಲೇಖನ.

ಮೊದಲಿಗೆ ಒಂದು ಸಣ್ಣ ವಿಷಯ. ವಚನವೆಂದರೆ ಮಾತು, ಅದನ್ನು ಹಾಡೆನ್ನುವುದು ಸರಿಯೇ ಎಂದು ಕೇಳುವ ವ್ಯಾಕರಣಪ್ರಿಯರು ಇದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಲ್ಲಿ ವಚನಗಳನ್ನು ಕೇಳಿದ ಮೇಲೆ ಆ ವಾದವನ್ನು ಕೈಬಿಟ್ಟೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿ ತಾಡವಾಲೆಯಲ್ಲಿದ್ದ ಮಾತನ್ನು ಓದುಗರ ಕೈಗೆ ಕೊಟ್ಟರು, ಗಾಯಕರು ಮತ್ತು ಆಕಾಶವಾಣಿ ಸೇರಿ ಓದು ಬಾರದವರ ಕಿವಿಗೂ ಅದನ್ನು ತಲುಪಿಸಿದರು. ಆದರೆ ಸಂಗೀತಕ್ಕೆ ಒಂದು ಗುಣವಿದೆ: ಅದು ಎಂಥ ಕಹಿಯನ್ನೂ ಸವಿಯಾಗಿಸಿಬಿಡುತ್ತದೆ. ಆದಕಾರಣ ಅರ್ಥವನ್ನು ಬೇರೆಯಾಗಿ ಬಿಡಿಸಿ ನೋಡುವ ಕೆಲಸ ನಮ್ಮಂಥ ಮೇಷ್ಟರುಗಳಿಗೆ ಉಳಿದಿದೆ.

ವಚನದ ಒಟ್ಟು ಅಭಿಪ್ರಾಯ ಇಷ್ಟು. ರೇಷ್ಮೆಯ ಹುಳು ಪ್ರೀತಿಯಿಂದ ತನಗೊಂದು ಮನೆಯನ್ನು ಕಟ್ಟಿಕೊಳ್ಳುತ್ತದೆ. ಕಟ್ಟುವ ಎಳೆ ಹೊರಗಿನದಲ್ಲ, ತನ್ನ ಮೈಯಿಂದಲೇ ಬಂದದ್ದು. ಆ ಎಳೆ ತನ್ನನ್ನೇ ಸುತ್ತಿಕೊಂಡು ಕೊನೆಗೆ ಅದರೊಳಗೇ ಪ್ರಾಣ ಬಿಡುತ್ತದೆ. ಅದರಂತೆಯೇ ನಾನೂ ಮನಸ್ಸಿಗೆ ಬಂದದ್ದನ್ನೆಲ್ಲ ಬಯಸಿ ಒಳಗೊಳಗೇ ಬೇಯುತ್ತಿದ್ದೇನೆ. ಈ ಕೆಟ್ಟ ಆಸೆಯನ್ನು ನಿಲ್ಲಿಸಿ ನಿನ್ನ ಕಡೆಯ ದಾರಿಯನ್ನು ತೋರು ಎಂದು ಅಕ್ಕ ತನ್ನ ದೇವರನ್ನು ಬೇಡುತ್ತಾಳೆ. ವಚನ ಇಷ್ಟೇ. ನಾಲ್ಕೈದು ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ನಾವು ಸಾಮಾನ್ಯವಾಗಿ ಹೇಳುವ ಅರ್ಥವೂ ಚಿಕ್ಕದೇ. ಹುಳುವೆಂದರೆ ಜೀವ, ಗೂಡೆಂದರೆ ಸಂಸಾರ, ಎಳೆಯೆಂದರೆ ಕರ್ಮ. ಜೀವನು ತನ್ನ ಕರ್ಮದಿಂದಲೇ ಬದ್ಧನಾಗುತ್ತಾನೆ. ಆದ್ದರಿಂದ ವೈರಾಗ್ಯವನ್ನು ತಾಳಬೇಕು. ಉಪಮಾನ, ಉಪಮೇಯ, ಸಮಾನಧರ್ಮ ಎಂದು ಕಪ್ಪು ಹಲಗೆಯ ಮೇಲೆ ಮೂರು ಗೆರೆ ಎಳೆದು ನಾನೂ ಅನೇಕ ವರ್ಷ ಹೀಗೆಯೇ ಪಾಠ ಹೇಳಿದ್ದೇನೆ. ಪರೀಕ್ಷೆಯ ಉತ್ತರಕ್ಕೆ ಇದು ಸಾಕು. ಆದರೆ ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇದ್ದಾಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದುನಿಂತು, “ಹುಳು ಗೂಡಿನಲ್ಲಿ ತಾನಾಗಿ ಸಾಯೋದಿಲ್ಲ ಸಾರ್. ಬಿಟ್ಟರೆ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬರುತ್ತೆ. ನೂಲಿಗೋಸ್ಕರ ನಾವೇ ಸಾಯಿಸೋದು” ಎಂದಳು. ತರಗತಿಯಲ್ಲಿ ಅರ್ಧಕ್ಕೆ ಹೆಚ್ಚು ಮಕ್ಕಳು ರೇಷ್ಮೆ ಸಾಕುವ ಮನೆಯವರು. ಎಲ್ಲರೂ ಹೌದು ಹೌದೆಂದರು. ಹುಳುವಿನ ವಿಷಯದಲ್ಲಿ ಅವರ ಮುಂದೆ ನಾನೇ ವಿದ್ಯಾರ್ಥಿಯಾಗಿದ್ದೆ.

ಆಕೆ ಹೇಳಿದ್ದು ಪ್ರಾಣಿಶಾಸ್ತ್ರದ ಮಟ್ಟಿಗೆ ಸತ್ಯ. ರೇಷ್ಮೆ ಬೆಳೆಯದ ಸೀಮೆಯ ಓದುಗರಿಗಾಗಿ ಈ ಹುಳುವಿನ ಬಾಳನ್ನು ಸ್ವಲ್ಪ ವಿವರಿಸುವುದು ಲೇಸು. ಏಕೆಂದರೆ ಅದು ಬೆಳೆಯುವ ಬಗೆಯಲ್ಲಿಯೇ ವಚನದ ಕೀಲಿಕೈ ಇದೆ.

ಮೊಟ್ಟೆಯೊಡೆದು ಬಂದಾಗ ಹುಳು ಇರುವೆಗಿಂತ ದಪ್ಪವಿರುವುದಿಲ್ಲ. ಹಿಪ್ಪುನೇರಳೆಯ ಸೊಪ್ಪನ್ನು ತಿನ್ನುವುದೊಂದೇ ಅದರ ಕಸುಬು. ತಿಂದು ತಿಂದು ಚರ್ಮ ಬಿಗಿಯಾದಾಗ ತಿನ್ನುವುದನ್ನು ಬಿಟ್ಟು ತಲೆಯೆತ್ತಿಕೊಂಡು ಒಂದು ದಿನದ ಸುಮಾರಿಗೆ ಅಲುಗದೆ ಇದ್ದುಬಿಡುತ್ತದೆ. ಆಮೇಲೆ ಹಳೆಯ ಚರ್ಮವನ್ನು ಕಳಚಿ ಏಳುತ್ತದೆ. ನಮ್ಮ ರೈತರು ಇದಕ್ಕೆ ‘ಜ್ವರ’ವೆನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸಿ, ಹುಳು ಎಷ್ಟು ದೊಡ್ಡದಾಯಿತೆಂದು ಹೇಳುತ್ತಾರೆ. ಜ್ವರವನ್ನೇ ವಯಸ್ಸಿನ ಅಳತೆಯಾಗಿ ಮಾಡಿಕೊಂಡ ಈ ಹಳ್ಳಿಯ ಮಾತಿನಲ್ಲಿ ಎಷ್ಟು ಅನುಭವವಿದೆ, ನೋಡಿ! ಹೀಗೆ ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದರೆ ಹಗಲಿರುಳೂ ಮೇವು ಹಾಕಬೇಕು. ಆ ದಿನಗಳಲ್ಲಿ ಹುಳುಮನೆಯಲ್ಲಿ ನಿಂತರೆ ಸೊಪ್ಪಿನ ಮೇಲೆ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಒಂದು ತಿಂಗಳೊಳಗೆ ಹುಳುವಿನ ತೂಕ ಹುಟ್ಟಿದಾಗ ಇದ್ದುದರ ಸುಮಾರು ೧೦,೦೦೦ ಪಾಲಿನಷ್ಟಾಗುತ್ತದೆ. ಆಗ ಅದರ ಮೈ ಅರೆಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ. ರೈತರು ‘ಹುಳು ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಅಲ್ಲಿ ಅದು ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನ ಬಿಡುವಿಲ್ಲದೆ ಎಳೆ ಬಿಡುತ್ತದೆ. ಒಂದೇ ಎಳೆ, ಎಲ್ಲಿಯೂ ತುಂಡಿಲ್ಲ, ಒಳ್ಳೆಯ ಗೂಡಿನಲ್ಲಿ ಅದರ ಉದ್ದ ಸಾವಿರ ಮೀಟರಿನ ಸುಮಾರಿಗೆ ಹೋಗುತ್ತದೆ. ಮೊದಮೊದಲು ತೆಳುವಾದ ಗೂಡಿನ ಗೋಡೆಯ ಮೂಲಕ ಹುಳು ಕೆಲಸ ಮಾಡುವುದು ಕಾಣುತ್ತಿರುತ್ತದೆ. ಬರಬರುತ್ತ ಮಸುಕಾಗಿ ಆಮೇಲೆ ಕಾಣುವುದಿಲ್ಲ.

ಒಳಗೆ ಅದು ಕೋಶಾವಸ್ಥೆಗೆ ಹೋಗಿ ಹತ್ತು ಹನ್ನೆರಡು ದಿನಗಳಾದ ಮೇಲೆ ಚಿಟ್ಟೆಯಾಗಿ, ಬಾಯಿಂದ ಒಸರುವ ದ್ರವದಿಂದ ಗೂಡಿನ ತುದಿಯನ್ನು ಮೆತ್ತಗೆ ಮಾಡಿ ಹೊರಬೀಳುತ್ತದೆ. ಹಾಗೆ ಹೊರಬಿದ್ದ ತೂತುಗೂಡಿನಿಂದ ಅಖಂಡವಾದ ಎಳೆಯನ್ನು ತೆಗೆಯಲು ಬಾರದು. ಅದಕ್ಕಾಗಿಯೇ ಅಷ್ಟರೊಳಗೆ ಗೂಡನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ತೆಗೆದು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ನಾವು ಮದುವೆ ಮುಂಜಿಗಳಲ್ಲಿ ಉಡುವ ಪಟ್ಟೆಯ ಕಥೆ ಇದು.

ಹಾಗಾದರೆ ಅಕ್ಕನಿಗೆ ಇದು ತಿಳಿದಿರಲಿಲ್ಲವೇ? ಹುಡುಗಿಯ ಮಾತಿಗೆ ಆ ದಿನ ನಾನು ಕೊಟ್ಟ ಉತ್ತರ ‘ಕವಿಸಮಯ’ವೆಂಬುದು. ಹಂಸಕ್ಷೀರನ್ಯಾಯದಂತೆ ಇದೂ ಒಂದು ರೂಢಿಯ ಮಾತು ಎಂದು ಹೇಳಿ ಕುಳ್ಳಿರಿಸಿದೆ. ಅದು ತಪ್ಪಿಸಿಕೊಳ್ಳುವ ಉತ್ತರವೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ರೂಢಿಯಿದ್ದದ್ದು ನಿಜವೇ. ರೇಷ್ಮೆಹುಳುವಿಗೆ ಸಂಸ್ಕೃತದಲ್ಲಿ ಕೋಶಕಾರವೆಂದು ಹೆಸರು. ಮಹಾಭಾರತದ ಶಾಂತಿಪರ್ವದಲ್ಲಿ ನಾರದರು ವ್ಯಾಸರ ಮಗನಾದ ಶುಕನಿಗೆ ಉಪದೇಶ ಮಾಡುವಾಗ ಈ ಉಪಮೆಯನ್ನು ತರುತ್ತಾರೆ: ನಿನ್ನಿಂದ ಹುಟ್ಟಿದ ಎಳೆಗಳಿಂದಲೇ ನಿನ್ನನ್ನು ಸುತ್ತಿಕೊಳ್ಳುತ್ತಿದ್ದರೂ ನಿನಗೆ ಎಚ್ಚರವಿಲ್ಲ ಎಂದು. ಉಡುತಡಿಯ ಹುಡುಗಿಯ ಕಿವಿಗೆ ಇಂಥ ಮಾತು ಬೀಳುವುದು ಕಷ್ಟವಾಗಿರಲಿಲ್ಲ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಈ ಸೀಮೆ ೧೨ನೆಯ ಶತಮಾನದಲ್ಲಿ ಮೂಲೆಯಲ್ಲ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾದ ಬಳ್ಳಿಗಾವೆ ಅದೇ ಸೀಮೆಯಲ್ಲಿದೆ. ಅಲ್ಲಿಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವನ್ನು ಓದಿದರೆ ವೇದ, ವ್ಯಾಕರಣ, ದರ್ಶನ, ಪುರಾಣ ಎಲ್ಲಕ್ಕೂ ಅದು ನೆಲೆಯಾಗಿತ್ತೆಂದೂ, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ ಅಲ್ಲಿ ಸಿಗುತ್ತಿತ್ತೆಂದೂ ತಿಳಿಯುತ್ತದೆ. ಹಿಪ್ಪುನೇರಳೆಯ ಬೇಸಾಯ ಮೈಸೂರು ಸೀಮೆಯಲ್ಲಿ ಬೇರೂರಿದ್ದು ಟಿಪ್ಪುವಿನ ಕಾಲದಲ್ಲಿ, ಅಂದರೆ ೧೮ನೆಯ ಶತಮಾನದ ಕೊನೆಗೆ, ಎಂಬುದು ಸರಿ. ಆದರೆ ಪಟ್ಟೆಯ ಬಟ್ಟೆ ಅದಕ್ಕಿಂತ ಬಹಳ ಹಿಂದಿನದು. ಮಾಳವದ ಮಂದಸೋರಿನಲ್ಲಿ ರೇಷ್ಮೆ ನೇಯುವವರ ಶ್ರೇಣಿಯೊಂದು ಸೂರ್ಯದೇವಾಲಯವನ್ನು ಕಟ್ಟಿಸಿ ಜೀರ್ಣೋದ್ಧಾರ ಮಾಡಿದ ಶಾಸನ ೫ನೆಯ ಶತಮಾನದ್ದು. ಮತ್ತಿಯ ಮರದ ಎಲೆ ತಿಂದು ಕೊಂಬೆಗೆ ತೊಟ್ಟಿನಂತೆ ಗೂಡು ತೂಗಹಾಕುವ ಕಾಡುರೇಷ್ಮೆಯ ಹುಳುವಂತೂ ನಮ್ಮ ಕಾಡುಗಳದ್ದೇ. ಯಾರೂ ಎಲ್ಲಿಂದಲೂ ತಂದದ್ದಲ್ಲ. ಅದಕ್ಕೆ ‘ತೆರಣಿ’ಯೆಂಬ ಕನ್ನಡದ ಹೆಸರನ್ನೇ ಅಕ್ಕ ಬಳಸಿದ್ದಾಳೆ, ಕೋಶಕಾರವೆನ್ನಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಶುಕನ ಕಥೆಯನ್ನು ಇನ್ನೂ ಸ್ವಲ್ಪ ನೋಡೋಣ. ಶುಕ ಆಗ ಮನೆ ಬಿಟ್ಟು ಹೊರಡಲು ಸಿದ್ಧನಾದ ತರುಣ. ಆತನು ಹೊರಟಮೇಲೆ ವ್ಯಾಸರು ‘ಮಗನೇ’ ಎಂದು ಕೂಗುತ್ತ ಹಿಂದೆ ಹೋದರೆಂದೂ, ನೀರಾಟದಲ್ಲಿದ್ದ ಸ್ತ್ರೀಯರು ಬೆತ್ತಲೆಯಾಗಿ ಹೋದ ಶುಕನನ್ನು ಕಂಡು ನಾಚದೆ ಮುದುಕರಾದ ವ್ಯಾಸರನ್ನು ಕಂಡು ಸೀರೆ ಸೆಳೆದುಕೊಂಡರೆಂದೂ ಕಥೆ. ಅಕ್ಕನ ಬಾಳಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಸಾದೃಶ್ಯ ತಾನಾಗಿ ಹೊಳೆಯುತ್ತದೆ. ಆದರೆ ಭೇದವೂ ದೊಡ್ಡದು. ಅಲ್ಲಿ ಹುಳುವಿನ ಉಪಮೆಯನ್ನು ಹೇಳುವವನು ಹಿರಿಯ, ಕೇಳುವವನು ಕಿರಿಯ. ‘ನಿನಗೆ ಎಚ್ಚರವಿಲ್ಲ’ ಎಂಬುದು ಬುದ್ಧಿಮಾತು. ಇಲ್ಲಿ ಉಪದೇಶ ಮಾಡುವ ನಾರದನಿಲ್ಲ. ಸುತ್ತಿಕೊಂಡ ಹುಳುವೇ ಮಾತಾಡುತ್ತಿದೆ, ಅದಕ್ಕೆ ಎಚ್ಚರವಿದೆ, ಎಚ್ಚರವಿದ್ದೂ ಬಿಡಿಸಿಕೊಳ್ಳಲಾರದೆ ಬೇಯುತ್ತಿದೆ. ಉಪದೇಶದ ಉಪಮೆಯನ್ನು ಅಕ್ಕ ಸಂಕಟದ ಉಪಮೆಯಾಗಿ ಮಾಡಿದಳು. ಇದನ್ನು ಕವಿಸಮಯವೆಂದು ತಳ್ಳಿದ್ದು ನನ್ನ ಅಜ್ಞಾನ.

ಈಗ ಒಂದೊಂದೇ ಮಾತನ್ನು ಹಿಡಿಯೋಣ.

‘ಸ್ನೇಹ’ವೆಂಬ ಪದ ಮೊದಲು. ನಮಗೆ ಇಂದು ಸ್ನೇಹವೆಂದರೆ ಗೆಳೆತನ. ಆದರೆ ಸಂಸ್ಕೃತದಲ್ಲಿ ಅದರ ಧಾತುವಿಗೆ ಅಂಟುವುದು, ಜಿಡ್ಡಾಗುವುದು ಎಂದು ಅರ್ಥ. ದೀಪದ ಎಣ್ಣೆಗೂ ಸ್ನೇಹವೆನ್ನುವುದುಂಟು. ಆಯುರ್ವೇದದಲ್ಲಿ ಸ್ನೇಹ ನಾಲ್ಕು ಬಗೆ: ತುಪ್ಪ, ಎಣ್ಣೆ, ವಸೆ, ಮಜ್ಜೆ. ಎಂದರೆ ಎಲುಬಿನೊಳಗಿನ ಸಾರಕ್ಕೂ ಅದೇ ಹೆಸರು. ರೇಷ್ಮೆಯ ಎಳೆಯನ್ನು ಪರೀಕ್ಷಿಸಿದವರು ಹೇಳುತ್ತಾರೆ: ಅದು ಎರಡು ಸಣ್ಣ ನೂಲುಗಳನ್ನು ಒಂದು ಬಗೆಯ ಅಂಟಿನಿಂದ ಕೂಡಿಸಿದ್ದು, ಎಳೆಯ ತೂಕದಲ್ಲಿ ಸುಮಾರು ಕಾಲುಪಾಲು ಈ ಅಂಟೇ, ಗೂಡು ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಆದ್ದರಿಂದ ಹುಳು ಸ್ನೇಹದಿಂದ ಮನೆ ಕಟ್ಟಿತೆಂದರೆ ಪ್ರೀತಿಯಿಂದ ಕಟ್ಟಿತೆಂದೂ ಆಯಿತು, ಮೈಯ ಅಂಟಿನಿಂದ ಕಟ್ಟಿತೆಂದೂ ಆಯಿತು. ಇದು ಪಂಡಿತರ ಒಣ ಶ್ಲೇಷವಲ್ಲ. ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ನಿಜವಾಗಿವೆ. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ಪ್ರಕಟವಾದ ತಮ್ಮ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಈ ವಚನವನ್ನು ಇಂಗ್ಲಿಷಿಗೆ ತರುವಾಗ ಈ ಒಂದು ಪದಕ್ಕೆ ಎರಡು ಪದಗಳನ್ನು ಹಾಕಿದ್ದಾರೆ, ಪ್ರೀತಿಯೆಂದೂ ಮಜ್ಜೆಯೆಂದೂ. ಅಷ್ಟೇ ಅಲ್ಲ, ಹುಳುವನ್ನು ‘ಅವಳು’ ಎಂದಿದ್ದಾರೆ. ಕನ್ನಡದಲ್ಲಿ ‘ತನ್ನ’ ಎಂಬುದಕ್ಕೆ ಲಿಂಗವಿಲ್ಲ. ಹುಳುವೂ ಅಕ್ಕನೂ ಆ ಒಂದು ಸರ್ವನಾಮದಲ್ಲಿ ಸದ್ದಿಲ್ಲದೆ ಬೆರೆಯುತ್ತಾರೆ. ಇಂಗ್ಲಿಷಿನಲ್ಲಿ ಒಂದನ್ನು ಆರಿಸಲೇಬೇಕಾಯಿತು. ಆಯ್ಕೆ ಸರಿಯಾದದ್ದೆಂದೇ ನನ್ನ ಎಣಿಕೆ.

ಎರಡನೆಯದು ‘ಮನೆ’. ಗೂಡು ಎನ್ನಬಹುದಾಗಿತ್ತು, ಮನೆ ಎಂದಳು. ಅಕ್ಕನ ವಚನಗಳಲ್ಲಿ ಮನೆ ಸುಮ್ಮನೆ ಬರುವ ಮಾತಲ್ಲ. ಬೆಟ್ಟ, ಸಮುದ್ರದ ದಡ, ಸಂತೆ ಈ ಮೂರು ಕಡೆ ಮನೆ ಮಾಡಿದವರು ಮೃಗಕ್ಕೂ ನೊರೆತೆರೆಗೂ ಗದ್ದಲಕ್ಕೂ ಅಂಜಬಾರದೆಂದು ಹೇಳುವ ವಚನ ನಿಮಗೆಲ್ಲ ಬಾಯಿಪಾಠವಿರಬಹುದು. ಅಲ್ಲಿ ಅಪಾಯ ಹೊರಗಡೆ ಇದೆ, ಮನೆಯೊಳಗೆ ಇರುವವರಿಗೆ ಧೈರ್ಯ ಹೇಳುತ್ತಾಳೆ. ತೆರಣಿಯ ವಚನದಲ್ಲಿ ಹೊರಗಿನಿಂದ ಯಾವ ಶತ್ರುವೂ ಬಂದಿಲ್ಲ. ಹುಲಿಯಿಲ್ಲ, ಅಲೆಯಿಲ್ಲ. ಮನೆಯೇ ಕೊಲ್ಲುತ್ತದೆ, ಅದೂ ಪ್ರೀತಿಯಿಂದ ಕಟ್ಟಿದ ಮನೆ. ಇದಕ್ಕಿಂತ ಕತ್ತಲೆಯ ಮಾತು ಅಕ್ಕನ ನಾನೂರಕ್ಕೂ ಮೇಲ್ಪಟ್ಟ ವಚನಗಳಲ್ಲಿ ನನಗೆ ಕಂಡಿಲ್ಲ.

ಅಕ್ಕನ ಬಾಲ್ಯದ ಕಥೆಯನ್ನು ನೆನೆದರೆ ಈ ಮಾತಿಗೆ ಮೈ ಬರುತ್ತದೆ. ಹರಿಹರನು ತನ್ನ ರಗಳೆಯಲ್ಲಿ ಹೇಳುವಂತೆ ಉಡುತಡಿಯ ಅರಸನಾದ ಕೌಶಿಕ ಈಕೆಯನ್ನು ಕಂಡು ಮೋಹಿಸುತ್ತಾನೆ, ಮಂತ್ರಿಗಳು ಮನೆಗೆ ಬರುತ್ತಾರೆ, ತಂದೆತಾಯಿಗಳು ಅಂಜುತ್ತಾರೆ, ಮಗಳು ತನ್ನ ಇಷ್ಟದಿಂದಲ್ಲ, ಅವರ ಸಂಕಟಕ್ಕಾಗಿ, ಕರಾರುಗಳನ್ನು ಹಾಕಿ ಒಪ್ಪುತ್ತಾಳೆ, ಕರಾರು ಮುರಿದಾಗ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆಯುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಆಗುವುದಿಲ್ಲ. ಈ ಎರಡರಲ್ಲಿ ಯಾವುದು ನಿಜವೆಂದು ವಿದ್ವಾಂಸರು ಬೇಕಾದಷ್ಟು ಕಾಗದ ಖರ್ಚು ಮಾಡಿದ್ದಾರೆ. ಅದರಲ್ಲಿ ನಾನೂ ಸೇರಿ ಇನ್ನಷ್ಟು ಖರ್ಚು ಮಾಡಲಾರೆ. ನಮಗೆ ಇಲ್ಲಿ ಬೇಕಾದದ್ದು ಬೇರೆ. ಹರಿಹರನ ಕಥೆಯಲ್ಲಿ ಮಗಳನ್ನು ಕಟ್ಟಿಹಾಕಿದ್ದು ಅರಸನ ಸೇನೆಯಲ್ಲ. ಹೆತ್ತವರ ಮೇಲಿನ ಸ್ನೇಹ. ಬೆಳೆದ ಹೆಣ್ಣುಮಗಳಿಗೆ ಗೋಡೆ ಕಟ್ಟುವವರು ವೈರಿಗಳೇ ಆಗಿದ್ದರೆ ಒದ್ದು ಹೊರಡುವುದು ಸುಲಭ. ತಾನೇ ಪ್ರೀತಿಸುವವರು, ತನ್ನ ಪ್ರೀತಿಯ ಎಳೆಯಿಂದಲೇ ಗೋಡೆ ಎದ್ದಾಗ ಏನು ಮಾಡಬೇಕು? ವಚನ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ ಎಂದು ನಾನು ಓದಿಕೊಳ್ಳುತ್ತೇನೆ. ವಚನಗಳಿಗೆ ತೇದಿಯಿಲ್ಲ, ನಿಜ. ಇದು ಉಡುತಡಿಯಲ್ಲಿ ಹುಟ್ಟಿತೋ ಶ್ರೀಶೈಲದ ದಾರಿಯಲ್ಲೋ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ದನಿ ಮಾತ್ರ ಇನ್ನೂ ಮನೆಯೊಳಗೆ ಇರುವವಳದ್ದು.

ಮೂರನೆಯದು ಜೋಡಿಮಾತುಗಳು. ಹುಳುವಿಗೆ ‘ಸುತ್ತಿ ಸುತ್ತಿ’. ಅಕ್ಕನಿಗೆ ‘ಬಯಸಿ ಬಯಸಿ’. ವ್ಯಾಕರಣದಲ್ಲಿ ಇದು ದ್ವಿರುಕ್ತಿ, ಬಿಡದೆ ನಡೆಯುವ ಕ್ರಿಯೆಯನ್ನು ಸೂಚಿಸುವುದಕ್ಕೆ ಬರುತ್ತದೆ. ಎರಡು ಜೋಡಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಬಯಕೆಯೇ ಸುತ್ತು. ಒಂದೊಂದು ಬಯಕೆಯೂ ಒಂದೊಂದು ಸುತ್ತು ಎಳೆ. ಮೊದಲನೆಯ ಸುತ್ತಿಗೆ ಹೊರಗಿನ ಬೆಳಕು ಕಾಣುತ್ತಿರುತ್ತದೆ, ನೂರನೆಯ ಸುತ್ತಿಗೂ ಮಸುಕಾಗಿ ಕಾಣುತ್ತದೆ. ಯಾವ ಸುತ್ತಿಗೆ ಕತ್ತಲಾಯಿತೆಂದು ಹುಳು ಹೇಳಲಾರದು. ಬೆಳೆಯುವುದೆಂದರೆ ಹೀಗೆಯೇ ಅಲ್ಲವೇ? ಇಂಥ ದಿನದಿಂದ ನಾನು ದೊಡ್ಡವನಾದೆ, ದೊಡ್ಡವಳಾದೆ ಎಂದು ನಮ್ಮಲ್ಲಿ ಯಾರು ಹೇಳಬಲ್ಲರು?

ನಾಲ್ಕನೆಯದು ‘ಬೇಯು’. ಇದನ್ನು ನಾನು ಎಷ್ಟೋ ವರ್ಷ ‘ದುಃಖಪಡು’ ಎಂದು ಬರೆಸಿ ಮುಂದೆ ಹೋಗುತ್ತಿದ್ದೆ. ಆ ಹುಡುಗಿಯ ಮಾತು ಕೇಳಿದ ಮೇಲೆ ನೂಲು ಬಿಚ್ಚುವ ಒಂದು ಮನೆಗೆ ಹೋಗಿ ನೋಡಿದೆ. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲಾಡುತ್ತಿದ್ದವು. ಅಂಟು ಕರಗುತ್ತಿತ್ತು. ಅಂಟೆಂದರೆ ಸ್ನೇಹವೆಂದು ಈಗತಾನೆ ಹೇಳಿದೆನಷ್ಟೆ. ಅಲ್ಲಿಯ ವಾಸನೆ ಮೂಗಿನಿಂದ ಹೋಗಲು ಒಂದು ದಿನ ಹಿಡಿಯಿತು. ವಚನದಲ್ಲಿ ಹುಳುವಿಗೆ ಸಾವನ್ನು ಹೇಳಿ ತನಗೆ ಮಾತ್ರ ಬೇಯುವುದನ್ನು ಇಟ್ಟುಕೊಂಡಿದ್ದಾಳೆ ಅಕ್ಕ. ಸತ್ತದ್ದಕ್ಕೆ ಬೇಯುವ ನೋವಿಲ್ಲ. ಆಕೆ ಬದುಕಿಯೇ ಬೇಯುತ್ತಿದ್ದಾಳೆ. ಇನ್ನೊಂದು ವಚನದಲ್ಲಿ, ಸತ್ತು ಕೆಟ್ಟುಹೋಗುವ ಗಂಡಂದಿರನ್ನು ಒಲೆಗೆ ಹಾಕೆಂದು ಇದೇ ಅಕ್ಕ ಸಿಡಿದದ್ದುಂಟು. ಅಲ್ಲಿ ಒಲೆ ಬೇರೆಯವರಿಗೆ, ಇಲ್ಲಿ ತನಗೇ. ಸಿಟ್ಟಿನ ಅಕ್ಕನನ್ನು ನಾವು ಸಭೆಗಳಲ್ಲಿ ಹೊಗಳುತ್ತೇವೆ, ಸಂಕಟದ ಅಕ್ಕನನ್ನು ಸುಮ್ಮನೆ ಹಾಡಿ ಮುಗಿಸುತ್ತೇವೆ.

ಹುಡುಗಿಯ ಆಕ್ಷೇಪಕ್ಕೆ ಈಗ ಉತ್ತರ ಹೇಳಬಹುದು. ಗೂಡಿನಿಂದ ಚಿಟ್ಟೆ ಬರುತ್ತದೆ, ಒಪ್ಪಿದೆ. ಆದರೆ ಹುಳು ಹೊರಗೆ ಬಂದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಸೊಪ್ಪು ಕಡಿಯುವ ಬಾಯಿ, ಹರಿದಾಡುವ ಮೈ, ಎಳೆ ಬಿಡುವ ಗ್ರಂಥಿ ಎಲ್ಲವೂ ಒಳಗೇ ಕರಗಿಹೋಗುತ್ತವೆ. ಬರುವ ಚಿಟ್ಟೆ ಏನನ್ನೂ ತಿನ್ನದು. ಸಾಕಿದ ತಳಿಯಾದರೆ ಹಾರಲೂ ಆರದು. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹುಳುವಾಗಿ ಇದ್ದದ್ದು ಸತ್ತಿತೆಂಬ ಮಾತಿನಲ್ಲಿ ಸುಳ್ಳಿಲ್ಲ. ಮಗು ಬೆಳೆದು ಹೆಂಗಸಾದಳು ಎನ್ನುವಾಗ ಆ ಮಗು ಎಲ್ಲಿ ಹೋಯಿತೆಂದು ನಾವು ಕೇಳುವುದಿಲ್ಲ, ಸಂಭ್ರಮದಿಂದ ಆರತಿ ಎತ್ತುತ್ತೇವೆ. ಅಕ್ಕ ಕೇಳಿದಳು.

ಇನ್ನು ಕೊನೆಯ ಬೇಡಿಕೆ. ‘ಮಾಣ್’ ಎಂಬುದು ಹಳೆಯ ಕನ್ನಡ ಧಾತು. ಬಿಡು, ನಿಲ್ಲು ಎಂದು ಅರ್ಥ. ಅದರ ಪ್ರೇರಣಾರ್ಥಕ ‘ಮಾಣಿಸು’, ನಿಲ್ಲಿಸು. ಯಾವುದನ್ನು ನಿಲ್ಲಿಸಬೇಕು? ಆಸೆಯನ್ನಲ್ಲ, ದುರಾಶೆಯನ್ನು. ಇಲ್ಲಿ ಅನೇಕ ವ್ಯಾಖ್ಯಾನಕಾರರು ಎಡವುತ್ತಾರೆ. ಆಸೆಯನ್ನೆಲ್ಲ ಕಿತ್ತುಹಾಕೆಂದು ಬೇಡಿದ್ದರೆ ಚೆನ್ನಮಲ್ಲಿಕಾರ್ಜುನನ ಮೇಲಿನ ಆಸೆ ಎಲ್ಲಿ ನಿಲ್ಲಬೇಕು? ಆಕೆಯಷ್ಟು ಆಸೆಪಟ್ಟವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಎಳೆ ಬಿಡುವುದನ್ನು ನಿಲ್ಲಿಸುವುದು ಹುಳುವಿನ ಕೈಯಲ್ಲಿಲ್ಲ. ಎಳೆಯನ್ನು ತನ್ನ ಸುತ್ತಲೇ ಸುತ್ತಿಕೊಳ್ಳದೆ ಬೇರೊಂದು ಕಡೆಗೆ ಬಿಡಬಹುದಾದರೆ ಅದು ಗೂಡಾಗದೆ ದಾರಿಯಾಗಬಹುದು. ‘ತೋರು’ ಎಂಬ ಕ್ರಿಯಾಪದ ಬೇಡುವುದು ಆ ದಿಕ್ಕನ್ನು. ಗಮನಿಸಿ, ದಿಕ್ಕು ಸಿಕ್ಕಿತೆಂದು ವಚನದಲ್ಲಿ ಇಲ್ಲ. ಬೇಡಿಕೆಯಲ್ಲಿಯೇ ಅದು ನಿಂತುಬಿಡುತ್ತದೆ.

ಸಿಕ್ಕಿತೇ ಎಂದು ತಿಳಿಯಬೇಕಾದರೆ ‘ಶೂನ್ಯಸಂಪಾದನೆ’ಯ ಕಲ್ಯಾಣದ ಪ್ರಸಂಗಕ್ಕೆ ಹೋಗಬೇಕು. ಬಟ್ಟೆ ಬಿಟ್ಟವಳು ಕೂದಲನ್ನು ಏಕೆ ಮರೆಮಾಡಿಕೊಂಡೆ ಎಂದು ಅಲ್ಲಮಪ್ರಭು ಕಠಿಣವಾಗಿ ಕೇಳುತ್ತಾನೆ. ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲವೆಂದೂ, ಕಾಮನ ಗುರುತು ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆನೆಂದೂ ಅಕ್ಕ ಉತ್ತರಿಸುತ್ತಾಳೆ. ಹುಳುವಿನ ಉಪಮೆ ಹೋಗಿ ಹಣ್ಣಿನ ಉಪಮೆ ಬಂದಿದೆ. ಎರಡೂ ಬೆಳೆಯುವುದರ ಚಿತ್ರಗಳೇ. ಎರಡರಲ್ಲಿಯೂ ಒಳಗೊಂದು ಹೊರಗೊಂದು ಇದೆ. ಗೂಡಿನ ಹೊರಗೋಡೆ ದಿನದಿನಕ್ಕೆ ಗಟ್ಟಿಯಾಗುತ್ತ ಒಳಗಿನ ಜೀವ ಕರಗುತ್ತದೆ. ಹಣ್ಣಿನಲ್ಲಾದರೋ ಒಳಗು ತುಂಬಿದಂತೆಲ್ಲ ಸಿಪ್ಪೆ ತಾನೇ ಸಡಿಲವಾಗುತ್ತದೆ. ನಮ್ಮ ರೈತರು ಹುಳುವಿಗೂ ‘ಹಣ್ಣಾಯಿತು’ ಎಂಬ ಮಾತನ್ನೇ ಬಳಸುವುದು ಎಷ್ಟು ವಿಚಿತ್ರ! ಈ ಎರಡು ವಚನಗಳನ್ನು ಒಟ್ಟಿಗೆ ಓದಬೇಕೆಂಬುದು ನನ್ನ ಸಲಹೆ. ಹಾಡುವವರೂ ಒಂದೇ ಕಾರ್ಯಕ್ರಮದಲ್ಲಿ ಎರಡನ್ನೂ ಹಾಡಿದರೆ ಕೇಳುವವರಿಗೆ ಉಪಕಾರವಾದೀತು.

ಉಡುತಡಿಯಲ್ಲಿ ಈಗ ಅಕ್ಕನ ಎತ್ತರವಾದ ಪ್ರತಿಮೆ ನಿಂತಿದೆ. ಶಿಕಾರಿಪುರಕ್ಕೋ ಸೊರಬಕ್ಕೋ ಹೋಗುವವರು ಬಳ್ಳಿಗಾವೆಯ ಕೇದಾರೇಶ್ವರನನ್ನು ನೋಡಿ ಅಲ್ಲಿಗೂ ಹೋಗಿಬರಬಹುದು. ನಾನು ಹೋದಾಗ ಶಾಲೆಯ ಮಕ್ಕಳ ಒಂದು ತಂಡ ಬಂದಿತ್ತು. ತಲೆಯೆತ್ತಿ ನೋಡಿದರು, ಫೋಟೋ ತೆಗೆಸಿಕೊಂಡರು. ಅಷ್ಟು ದೊಡ್ಡ ಪ್ರತಿಮೆಯ ಮುಂದೆ ಅಷ್ಟು ಸಣ್ಣ ಹುಳುವಿನ ಮಾತನ್ನು ತೆಗೆಯುವುದು ಹೇಗೆಂದು ನನಗೆ ಸಂಕೋಚವಾಯಿತು.

ಆ ಹುಡುಗಿಯ ವಿಷಯ ಹೇಳುವುದು ಉಳಿಯಿತು. ಹುಳು ಐದನೆಯ ಹಂತಕ್ಕೆ ಬಂದ ವಾರಗಳಲ್ಲಿ ಆಕೆ ಶಾಲೆಗೆ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನಗಳು ಖಾಲಿ. ಏಕೆಂದು ಗದರಿಸಿದ್ದೂ ಉಂಟು. ಮನೆಯವರು ಆಕೆಯನ್ನು ಪ್ರೀತಿಯಿಂದಲೇ ಸಾಕಿದ್ದರು, ಅದರಲ್ಲಿ ಸಂದೇಹವಿಲ್ಲ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ತಂದೆ ಲಗ್ನಪತ್ರಿಕೆ ಹಿಡಿದುಕೊಂಡು ಬಂದರು. ಹುಡುಗಿಯ ವಯಸ್ಸನ್ನು ತೋರಿಸಿ, ಕಾನೂನಿನ ಮಾತು ಹೇಳಿ, ಇನ್ನೆರಡು ವರ್ಷ ತಡೆಯಿರಿ, ಓದಲಿ ಎಂದೆ. ಅವರು ಸಿಟ್ಟಾಗಲಿಲ್ಲ. “ನಾವೇನು ಅವಳಿಗೆ ಕೆಟ್ಟದ್ದು ಬಯಸುತ್ತೇವೆಯೇ ಮೇಷ್ಟ್ರೇ?” ಎಂದು ಮೆತ್ತಗೆ ಕೇಳಿದರು. ಹಿಂದಿನ ತಿಂಗಳು ತಾನೇ ಸ್ನೇಹಪದದ ಎರಡು ಅರ್ಥಗಳನ್ನು ತರಗತಿಯಲ್ಲಿ ವಿವರಿಸಿದ್ದ ನನಗೆ ಅವರಿಗೆ ಹೇಳಲು ಮಾತು ಹೊರಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಮದುವೆಗೆ ತಪ್ಪದೆ ಬರಬೇಕೆಂದು ಹೇಳಿ ಹೋದರು.